ಅಕ್ಕನ ಹೆಬ್ಬೆರಳಿಗೊಂದು ಎನ್ವಲಪ್

ಜನವರಿ 5, ಭಾನುವಾರ. ಬೆಳಗ್ಗೆ 7

ಅಕ್ಕನಿಗೆ ಗಂಜಿ ಕುಡಿಸಿದ್ದಾಯಿತು. ಅರ್ಧ ಲೋಟಕ್ಕೆ ನಲವತ್ತು ನಿಮಿಷ. ಬಾಲ್ಕನಿಯ ಟೇಬಲ್ ಮೇಲೆ ಸರ್ಕ್ಯೂಟ್ ಬೋರ್ಡ್ ಹಾಗೇ ಬಿದ್ದಿದೆ. ಎನ್ವಲಪ್ ಇನ್ನೂ ಹಟ ಬಿಟ್ಟಿಲ್ಲ.

ಸ್ವರ ಹುಟ್ಟಿಸುವುದು ಕಷ್ಟವಲ್ಲ. ಹನ್ನೊಂದು ವರ್ಷದ ಹಿಂದೆ ನಾನೇ ಮಾಡಿದ ಸಿಂಥ್ ಇದೆ, ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯ. ಆ ಸ್ವರ ಹೇಗೆ ಏಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಆರಬೇಕು — ಅದನ್ನು ಹೇಳುವ ಸರ್ಕ್ಯೂಟೇ ಎನ್ವಲಪ್. ಹಳೆಯದರಲ್ಲಿ ಎಲ್ಲದಕ್ಕೂ ನಾಬ್ ತಿರುಗಿಸಬೇಕು. ಅಕ್ಕನಿಗೆ ಈಗ ಉಳಿದಿರುವುದು ಬಲಗೈ ಹೆಬ್ಬೆರಳೊಂದೇ. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಎಷ್ಟು ದಿನ ಅಂತ ಡಾಕ್ಟರ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ನಾಬ್ ಬೇಡ. ಬೆರಳಿನ ಕೆಳಗೆ ರಬ್ಬರ್ ಪ್ಯಾಡ್, ಒತ್ತಿದಷ್ಟು ವೋಲ್ಟೇಜ್. ಮೆಲ್ಲಗೆ ಒತ್ತಿದರೆ ಸ್ವರ ನಿಧಾನ ಏಳುತ್ತದೆ, ಜೋರಾದರೆ ಥಟ್ಟನೆ. ಹಾಡಿನ ಸ್ವರಗಳನ್ನು ಸಾಲಾಗಿ ಕೂರಿಸಿದ್ದೇನೆ, ಒಂದು ಒತ್ತಿಗೆ ಒಂದು. ಏರಿಳಿತ ಮಾತ್ರ ಅವಳದು.

ಫೆಬ್ರವರಿ 9ಕ್ಕೆ ಘೋಡಬಂದರ್ ರಸ್ತೆಯಲ್ಲಿ ಅಕ್ಕನ ಮಗಳು ಪೂನಂಳ ಕೂಸಿನ ತೊಟ್ಟಿಲು. ಡೊಂಬಿವಲಿಯಲ್ಲಿ ನಮ್ಮ ಜನರ ಯಾವ ತೊಟ್ಟಿಲಿಗೂ ಜೋಗುಳ ನಮ್ಮಕ್ಕ ರುದ್ರವ್ವನದೇ. ಈಗ ಸ್ವಂತ ಮೊಮ್ಮಗಳಿಗೆ ಹಾಡಲು ಗಂಟಲಿಲ್ಲ. ಮಾತೂ ತೊದಲು. ನನಗಷ್ಟೇ ತಿಳಿಯುತ್ತದೆ.

"ಹಾಡೇ ಹಾಡ್ತೀನೋ ತಮ್ಮಾ. ಗಂಟಲಾ ಇಲ್ಲಂದ್ರ ಬೆರಳೀಲೆ."

ಜನವರಿ 9, ಗುರುವಾರ. ರಬಾಳೆಯ ಫ್ಯಾಕ್ಟರಿ, ಊಟದ ಹೊತ್ತು

ಇವತ್ತು ಹದಿನಾಲ್ಕು ಪ್ಯಾನೆಲ್ ರಿಜೆಕ್ಟ್ ಮಾಡಿದೆ. ಜೋಡಿಸುವ ಹುಡುಗರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ಎಪ್ಪತ್ತೆರಡು ಗಂಟೆ ಬರ್ನ್-ಇನ್ ಆಗದ ಒಂದು ಪೀಸೂ ಇಪ್ಪತ್ತೇಳು ವರ್ಷದಲ್ಲಿ ನನ್ನ ಟೇಬಲ್ ದಾಟಿಲ್ಲ. ಮೂರು ದಿನ ಎಡೆಬಿಡದೆ ಓಡಲಿ. ಕೆಡುವುದಿದ್ದರೆ ಇಲ್ಲೇ ಕೆಡಲಿ.

ಅನ್ನ ಕಲಸುವಾಗ ಹೊಳೆಯಿತು — ಅಕ್ಕನ ಬೋರ್ಡಿನಲ್ಲಿ ಕೆಪಾಸಿಟರ್ ಸೋರುತ್ತಿದೆ! ಅದಕ್ಕೇ ಸ್ವರ ನಿಲ್ಲದೆ ಕುಸಿಯುತ್ತಿರುವುದು. ಉಲ್ಹಾಸನಗರಕ್ಕೆ ಹೋಗಿ ಬೇರೆ ತರಬೇಕು.

ಜನವರಿ 19, ಭಾನುವಾರ. ಸಂಜೆ 5

ಬಂತು. ಬಂತು!

ಅಕ್ಕನ ಬೆರಳು ಪ್ಯಾಡ್ ಮೇಲಿಟ್ಟೆ. ಮೊದಲು ಒಂದು ಸ್ವರ. ಆಮೇಲೆ ಇಡೀ ಜೋಗುಳ, ಒಂದು ಸಾಲೂ ಬಿಡದೆ. ಎರಡನೇ ಸಾಲಿನ ಕೊನೆಯನ್ನು ಎಳೆದು, ಆರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಎತ್ತುತ್ತಾಳಲ್ಲ, ಅದೂ ಬಂತು. ನನ್ನನ್ನು ಮಲಗಿಸುತ್ತಿದ್ದ ಹಾಡು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಒಂದೇ ದೋಷ. ಪ್ರತಿ ಸ್ವರದ ಮೊದಲಿಗೆ ಸಣ್ಣ 'ಟಕ್'.

"ಕೂಸು ಬೆಚ್ಚಿಬೀಳ್ತದ ಅಕ್ಕಾ. ಬಿಚ್ಚಿ ಸರಿ ಮಾಡ್ತೀನಿ."

"ಬಿಚ್ಚಬ್ಯಾಡೋ... ಇರಲಿ. ನನ್ನ ಹಲ್ಲಿನ ಸೆಟ್ಟೂ ಹಂಗ ಟಕ್ ಅಂತಿತ್ತು. ಯಾವ ಕೂಸು ಅತ್ತಿತ್ತು?"

ನಕ್ಕಳು. ನಗು ಮುಗಿಯಲು ಹೊತ್ತು ಹಿಡಿಯಿತು, ಕೆಮ್ಮು ಬಂತು.

ಜನವರಿ 20, ಸೋಮವಾರ. ಬೆಳಗ್ಗೆ 6

ಬಿಚ್ಚಿದೆ. ಇನ್ನೂ ಇಪ್ಪತ್ತು ದಿನ ಇದೆ.

ಜನವರಿ 31, ಶುಕ್ರವಾರ. ಸಂಜೆ 7:30

ಟಕ್ ಹೋಯಿತು. ಟ್ರಾನ್ಸಿಸ್ಟರ್‌ಗಳಲ್ಲಿ ಸರಿಜೋಡಿ ಹುಡುಕಲು ಅರವತ್ತು ಅಳೆದೆ. ಈಗ ಸ್ವರ ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ. ಬೆರಳಿನ ಬದಲು ಟೈಮರ್ ಜೋಡಿಸಿ ಬರ್ನ್-ಇನ್‌ಗೆ ಇಟ್ಟೆ.

ಅಕ್ಕ ಪ್ಯಾಡ್ ಕಡೆ ಕಣ್ಣು ಹಾಯಿಸಿದಳು. ಈ ವಾರ ಮಾತೂ ನಿಂತಿದೆ, ಎಲ್ಲ ಕಣ್ಣಲ್ಲೇ. "ಸೋಮವಾರ" ಅಂದೆ. ಮತ್ತೆ ಅದೇ ಕಡೆ ನೋಡಿದಳು. "ಸೋಮವಾರ ಅಂದ್ನೆಲ್ಲಾ!" — ದನಿ ಏರಿಸಿಬಿಟ್ಟೆ.

ಫೆಬ್ರವರಿ 2, ಭಾನುವಾರ. ಬೆಳಗ್ಗೆ 9

ಹಗಲು ಅಕ್ಕನ ಹತ್ತಿರ ಇರುವ ಪಕ್ಕದ ಮನೆಯ ಚಂದವ್ವ ಹೊಸ್ತಿಲಲ್ಲೇ ನಿಂತು ಹೇಳಿದಳು: "ಅಣ್ಣಾರ, ನಿನ್ನಿಯಿಂದ ಅಕ್ಕಾರ ಬೆರಳ ಯಾಕೋ ಅಳ್ಳಾಡವಲ್ದು. ನೋಡ್ರಿ ಒಂಚೂರು."

ಚಳಿಗೆ ಇರಬೇಕು ಅಂದೆ. ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಬೋರ್ಡ್ ಐದೇ ಅಡಿ ದೂರದಲ್ಲಿ ಓಡುತ್ತಿತ್ತು. ಮಧ್ಯೆ ನಿಲ್ಲಿಸಿದರೆ ಎಪ್ಪತ್ತೆರಡನ್ನು ಮೊದಲಿನಿಂದ ಎಣಿಸಬೇಕು. ನಿಲ್ಲಿಸಲಿಲ್ಲ. ಸುಳ್ಳು ಯಾಕೆ, ಬೆರಳನ್ನು ಪ್ಯಾಡ್ ಮೇಲಿಟ್ಟು ನೋಡಲು ಹೆದರಿದೆ.

ಫೆಬ್ರವರಿ 3, ಸೋಮವಾರ. ರಾತ್ರಿ 8

ಬೋರ್ಡ್ ಪಾಸ್. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಬೆರಳಿಟ್ಟೆ. ಮೀಟರ್ ಸೊನ್ನೆ. ಸಣ್ಣ ಒತ್ತೂ ಸಿಗಲೆಂದು ಗೇನ್ ಹೆಚ್ಚಿಸಿದೆ. ಇನ್ನೂ ಹೆಚ್ಚಿಸಿದೆ. ಬಂದದ್ದು ಬರೀ ಕರೆಂಟಿನ ಗುಂಯ್ ಸದ್ದು. ಅಕ್ಕನ ಹಣೆ ಬೆವರಿತ್ತು — ಒತ್ತುತ್ತಲೇ ಇದ್ದಳು. ಸಾಕು ಅಕ್ಕಾ ಅಂದೆ. ಕಣ್ಣು ಮುಚ್ಚಲಿಲ್ಲ.

ಫೆಬ್ರವರಿ 9, ಭಾನುವಾರ. ಸಂಜೆ 6

ತೊಟ್ಟಿಲಾಯಿತು. ಅಕ್ಕನನ್ನು ವ್ಯಾನಿನಲ್ಲಿ ಕರೆದೊಯ್ದು ತೊಟ್ಟಿಲ ಪಕ್ಕ ಕೂರಿಸಿದ್ದೆವು. ಬೋರ್ಡ್ ಚೀಲದಲ್ಲೇ ಇತ್ತು. ಮಶೀನ್ ಕೈಕೊಟ್ಟಿತು ಎಂದು ಎಲ್ಲರಿಗೂ ಹೇಳಿದೆ. ಪಾಸಾದ ಪೀಸನ್ನು ಕೆಟ್ಟಿದೆ ಅಂದದ್ದು ಇದೇ ಮೊದಲು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಜೋಗುಳ ಎತ್ತುವವರಿರಲಿಲ್ಲ.

ಪೂನಂ ಕೂಸನ್ನು ಎತ್ತಿಕೊಂಡು ಬಂದಳು. "ಕೋಯಿ ಬಾತ್ ನಹೀ ಮಾಮಾ, ಇರ್ಲಿ ಬಿಡ್ರಿ. ಆವತ್ತ ಆಯಿ ಪೂರಾ ಹಾಡಿದ್ಲಂತ ಅಂದಿದ್ರೆಲ್ಲ, ಅದರ ರೆಕಾರ್ಡಿಂಗ್ ಹಚ್ಚ್ರಿ. ಸಾಕು."

ಆವತ್ತು ಫೋನಿನಲ್ಲಿ ಚಾರ್ಜ್ ಇರಲಿಲ್ಲ ಅಂದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತು. ಆ ಸಂಜೆ ಫೋನ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಚಾರ್ಜೂ ಇತ್ತು. ತೆಗೆಯಲು ಕೈ ಹಾಕಿದ್ದೆ ಕೂಡ. ಮೊದಲು ಟಕ್ ಸರಿ ಮಾಡಿಬಿಡೋಣ, ಆಮೇಲೆ ಚೆನ್ನಾಗಿ ರೆಕಾರ್ಡ್ ಮಾಡೋಣ ಅಂದುಕೊಂಡೆ.