ಶ್ಯಾಮಲಾ ಒರೆಸುತ್ತಿದ್ದ ಕಿಟಕಿಗಳು

ಗೌರಿಬಿದನೂರು, 14 ಅಕ್ಟೋಬರ್ 1993, ಗುರುವಾರ

ಅಕ್ಕನ ಮೇಲೆ ಕೂಗಾಡಬಾರದಿತ್ತು.

ಶ್ಯಾಮಲಾ ತೀರಿಕೊಂಡು ಇವತ್ತಿಗೆ ಹನ್ನೊಂದನೆಯ ದಿನ. ನಾನು ಕ್ರಿಯೆ ಮುಗಿಸಿ ಕೆರೆಯಿಂದ ಬರುವಷ್ಟರಲ್ಲಿ, ಮಂಚೇನಹಳ್ಳಿಯಿಂದ ಬಂದಿದ್ದ ಆಂಜಿನಕ್ಕ ಸೂತಕದ ಮಡಕೆಗಳ ಜೊತೆಗೆ ನನ್ನ ಪಿಂಗಾಣಿ ಶಿಲ್ಪಗಳನ್ನೂ ತಿಪ್ಪೆಗೆ ಹಾಕಿ ಒಡೆದಿದ್ದಳು. ಹನ್ನೆರಡು ವರ್ಷ ಬೆಂಗಳೂರಿನ ಪ್ರದರ್ಶನಗಳಲ್ಲಿ ಹುಡುಕಿ ತಂದವು: ವಾಲಿದ ಗೋಪುರ, ಎಲ್ಲಿಗೂ ತಲುಪದ ಮೆಟ್ಟಿಲು, ಅಂಗೈಯಗಲದ ಒಂದು ಇಡೀ ಪೇಟೆ. ಪೇಟೆ ನಮ್ಮ ಮದುವೆಯ ವರ್ಷದ್ದು. ರೈಲಿನಲ್ಲಿ ಶ್ಯಾಮಲಾ ಅದನ್ನು ಮಡಿಲಿನಿಂದ ಇಳಿಸಿರಲೇ ಇಲ್ಲ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಅದರ ಕಿಟಕಿಗಳನ್ನು ಒರೆಸುತ್ತಿದ್ದಳು.

"ಸೂತಕದ ಮನೇಲಿ ಮಣ್ಣಿಂದು ಇಟ್ಕೋಬಾರ್ದು ಕಣಪ್ಪ," ಎಂದಳು ಅಕ್ಕ.

"ಅದು ಪಿಂಗಾಣಿ ಅಕ್ಕ!"

"ನೀನೇ ಹೇಳಿದ್ಯಲ್ಲಪ್ಪ, ಇದೂ ಮಣ್ಣೇ ಅಂತ."

ಹೌದು, ಹೇಳಿದ್ದೆ. ಬರೀ ಮಣ್ಣು, ಬೆಂಕಿಯಲ್ಲಿ ಬೆಂದು ಊರಾಗಿದೆ ಎಂದು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದವನು ನಾನೇ.

ಅಕ್ಕ ಊಟ ಮಾಡದೆ ಮಲಗಿದ್ದಾಳೆ.

ಸಂಜೆ ತಿಪ್ಪೆ ಕೆದಕಿದಾಗ ಪೇಟೆಯ ಒಂದು ಗೋಡೆ ಸಿಕ್ಕಿತು, ಹೆಬ್ಬೆರಳಷ್ಟು. ಅದರ ಕಿಟಕಿಯ ಮೂಲೆಯಲ್ಲಿ ಅವಳ ಹತ್ತಿಯ ಎಳೆಯೊಂದು ಇನ್ನೂ ಸಿಕ್ಕಿಕೊಂಡಿದೆ. ತೆಗೆಯೋಣವೆಂದು ಕಡ್ಡಿ ಹಿಡಿದೆ, ಆಮೇಲೆ ಎಳೆಯನ್ನು ಹಾಗೇ ಬಿಟ್ಟು ಕಡ್ಡಿ ಕೆಳಗಿಟ್ಟೆ.