ಒಡೆಯದ ಪಾಕೀಟು

ಆಳಂದ

ಗೌಸಿಯಾ ಆಪಾ ಅವರಿಗೆ ಸಾಯಿರಾಳ ಸಲಾಮ್.

ನೀವು ಫೋನ್ ಎತ್ತುತ್ತಿಲ್ಲ. ನನ್ನ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯಲು ಇನ್ನೂ ಒಂದು ತಿಂಗಳಿದೆ, ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಈ ಪತ್ರವನ್ನು ಮಗಳು ಗುಲನಾಜಳ ಕೈಯಲ್ಲಿ ಅಫಜಲಪುರಕ್ಕೆ ಕಳಿಸುತ್ತಿದ್ದೇನೆ.

ನಿಮ್ಮ ತಮ್ಮನ ನಲವತ್ತನೆಯ ದಿನದ ಫಾತಿಹಾಕ್ಕೆ ನೀವು ಬಂದಾಗ ನನ್ನ ಸೆರಗು ಜಾರಿ ಕೆಂಪು ಜಡೆ ಕಂಡಿತು. ಎಲ್ಲ ಹೆಂಗಸರ ಮುಂದೆ ನೀವು ಅಂದಿರಿ: “ಗಂಡ ಸತ್ತು ಇದ್ದತ್ತಿನಾಗ ಕುಂತಾಕಿ ತಲಿಗಿ ಮೆಹಂದಿ ಹಚ್ಕೊಂಡಾಳ ನೋಡ್ರಿ.” ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ.

ಬಿಳಿ ಕೂದಲು ಕಪ್ಪಾಗಬೇಕಾದರೆ ಮೊದಲ ದಿನ ಮೆಹಂದಿ, ಮರುದಿನ ಇಂಡಿಗೋ ಪುಡಿ ಹಚ್ಚಬೇಕು. ಬರೀ ಮೆಹಂದಿಯಾದರೆ ಕೆಂಪಾಗಿಯೇ ಉಳಿಯುತ್ತದೆ. ಆ ಗುರುವಾರ ನಾನು ಮೆಹಂದಿ ಹಚ್ಚಿ ತೊಳೆದುಕೊಂಡಿದ್ದೆ. “ಹಿಂದಿನ ಕೂದಲಿಗಿ ನಿನ್ನ ಕೈ ನಿಲುಕಂಗಿಲ್ಲ, ನಾಳಿ ಪುಡಿ ನಾನೇ ಹಚ್ತೇನಿ” ಅಂದಿದ್ದರು ನಿಮ್ಮ ತಮ್ಮ. ಶುಕ್ರವಾರ ಮುಂಜಾನೆ ಅವರು ಏಳಲೇ ಇಲ್ಲ. ಇದ್ದತ್ತಿನಲ್ಲಿ ನಾನು ಬಣ್ಣ ಮುಟ್ಟುವಂತಿಲ್ಲ. ಪುಡಿಯ ಪಾಕೀಟು ಒಡೆಯದೆ ಕಪಾಟಿನಲ್ಲಿದೆ.

ಆಪಾ, ಒಂದು ದಿನ ಬನ್ನಿರಿ. ಮಾತಾಡದಿದ್ದರೂ ನಡೆದೀತು. ನನ್ನ ಸೆರಗು ಸರಿಸಿ ಬೈತಲೆ ನೋಡಿರಿ. ಬುಡದಿಂದ ಎರಡು ಬೆರಳಗಲ ಬೆಳ್ಳಗಿದೆ. ಅದು ಅವರು ಹೋದ ಮೇಲೆ ಹುಟ್ಟಿದ ಕೂದಲು. ಆಮೇಲೆ ಮೆಹಂದಿ ಹಚ್ಚಿದ್ದರೆ ಅದೂ ಕೆಂಪಾಗಬೇಕಿತ್ತಲ್ಲ?

ಹೋಗುವಾಗ ಆ ಪಾಕೀಟು ನೀವೇ ಒಯ್ದುಬಿಡಿರಿ. ಹಿಂದಿನ ಕೂದಲಿಗೆ ನನ್ನ ಕೈ ನಿಲುಕುವುದಿಲ್ಲ.

ನಿಮ್ಮ ತಮ್ಮನ ಮನೆಯಾಕೆ,
ಸಾಯಿರಾ