ಕುರ್ಚಿಯ ಬೆನ್ನು

ಭಾನುವಾರ, ಮಧ್ಯಾಹ್ನ

ನನ್ನ ಹೊಟ್ಟೆಯಲ್ಲಿ ಹುಟ್ಟಿ ಬರೀ ಅಪ್ಪನ ಮಗಳಾದವಳಿಗೆ,

ನಿನ್ನ ಅಮ್ಮ ಬರೆಯುವುದು. ಇನ್ನೂ ಇದ್ದೇನೆ, ಗಾಬರಿಯಾಗಬೇಡ. ನನ್ನ ಅಕ್ಷರ ಸೊಟ್ಟ ಎಂದು ಮೊದಲಿನಂತೆ ನಗುವುದಾದರೆ, ಪೂರ್ತಿ ಓದಿ ಆಮೇಲೆ ನಗು.

ನಿನ್ನ ತಮ್ಮನ ಮಗಳು ಫೋನಿನಲ್ಲಿ ನನಗೊಂದು ಬೋರ್ಡು ಮಾಡಿಕೊಟ್ಟಿದ್ದಾಳೆ. ಇಷ್ಟವಾದ ಚಿತ್ರಗಳನ್ನು ಅದಕ್ಕೆ ಪಿನ್ನು ಚುಚ್ಚಿ ಇಟ್ಟುಕೊಳ್ಳುವುದು, ಕಂಡವರೆಲ್ಲ ಬಂದು ನೋಡುವುದು, ಬೇಕಾದ್ದನ್ನು ತಮ್ಮ ಬೋರ್ಡಿಗೆ ಒಯ್ಯುವುದು. ಒಯ್ದರೂ ನಮ್ಮದು ನಮ್ಮಲ್ಲೇ ಇರುತ್ತದಂತೆ. ಮೊದಲು ಸ್ವೆಟರಿನ ಹೆಣಿಗೆಗಳನ್ನು ಕೂಡಿಹಾಕಿದೆ. ಅದು ಬೇಜಾರಾದ ಮೇಲೆ ಮನೆಯ ಸಾಮಾನುಗಳ ಫೋಟೋ ತೆಗೆಸಿ ಹಾಕಿದೆ.

ಯಾರೋ ಒಬ್ಬರು ಬಂದು ಆರಿಸತೊಡಗಿದರು. ಹೆಸರಿಲ್ಲ, ಮುಖದ ಜಾಗದಲ್ಲಿ ಒಂದು ಉಳಿಯ ಚಿತ್ರ. ನಿನ್ನ ತಮ್ಮ ಅಂಗಡಿಯಿಂದ ತಂದ ಹೊಳೆಯುವ ಕಪಾಟನ್ನು ಅವರು ಮೂಸಿಯೂ ನೋಡಲಿಲ್ಲ. ನಿಮ್ಮಪ್ಪ ಮಾಡಿದ ಕುಂಟು ಸ್ಟೂಲನ್ನು ಹಾಕಿದ ಕೂಡಲೇ ಎತ್ತಿಕೊಂಡರು. ಆ ಸ್ಟೂಲಿನ ಮೇಲೆ ಇಷ್ಟು ಪ್ರೀತಿ ಇರುವವಳು ಲೋಕದಲ್ಲಿ ಒಬ್ಬಳೇ, ಅದರಿಂದ ಬಿದ್ದು ಹಲ್ಲು ಮುರಿದುಕೊಂಡವಳು. ಮೊಮ್ಮಗಳಿಗೆ ಹೇಳಿ ಆ ಉಳಿಯವಳ ಬೋರ್ಡು ತೆರೆಸಿ ನೋಡಿದೆ. ಮೇಲೆ ಬರೆದಿತ್ತು, 'ಅಪ್ಪನ ಕೈ'.

ಚೆನ್ನಾಗಿದೆ ಹೆಸರು. ಅಪ್ಪ ಮರ ಕೆತ್ತಿದರು, ಸರಿ. ಅದನ್ನೆಲ್ಲ ಇಷ್ಟು ವರ್ಷ ಒರೆಸಿ, ಗೆದ್ದಲು ಹತ್ತದಂತೆ ಕಾದ ಕೈಗೆ ನಿನ್ನ ಬೋರ್ಡಿನಲ್ಲಿ ಒಂದು ಮೂಲೆಯೂ ಇಲ್ಲ. ಇರುವುದು ಹೇಗೆ? ಅವರನ್ನು ಮಣ್ಣು ಮಾಡಿ ಬಂದ ದಿನ, ನೆಂಟರೆಲ್ಲ ಕೂತಿದ್ದಾಗ, ನೀನು ನನ್ನ ಮುಖಕ್ಕೇ ಅಂದೆ, “ಅಪ್ಪ ಕಾಯಿಲೆಯಿಂದ ಸತ್ತಿಲ್ಲ. ಅಮ್ಮನ ನಾಲಿಗೆ ದಿನಾ ಕೊಯ್ದೂ ಕೊಯ್ದೂ ಸತ್ತಿದ್ದು.” ಅಂದು ಚಪ್ಪಲಿ ಮೆಟ್ಟಿಕೊಂಡು ಹೋದವಳು ನೀನು, ಈಗ ಫೋನಿನ ಕಿಂಡಿಯಿಂದ ನನ್ನ ಮನೆಯೊಳಗೆ ಕೈ ಹಾಕಿದ್ದೀಯ.

ಅದಕ್ಕೇ ನೀನು ಚುಚ್ಚಿಕೊಂಡ ಒಂದೊಂದನ್ನೂ ಮನೆಯಿಂದ ಸಾಗಹಾಕಿದೆ. ಸ್ಟೂಲು ಚಪ್ಪಲಿ ಹೊಲಿಯುವವನಿಗೆ. ಕನ್ನಡಿ ಕ್ಷೌರದಂಗಡಿಗೆ. ನೀನು ಮಲಗಿದ ತೊಟ್ಟಿಲು ಎದುರುಮನೆಯವಳಿಗೆ, ಅದರಲ್ಲಿ ಅವಳ ನಾಯಿ ಮರಿ ಹಾಕಿದೆ. ಯಾವುದು ಯಾರ ಪಾಲಾಯಿತು ಎಂದು ಪ್ರತಿ ಚಿತ್ರದ ಕೆಳಗೂ ಮೊಮ್ಮಗಳ ಕೈಯಲ್ಲಿ ಬರೆಸಿದೆ. ತೊಟ್ಟಿಲಿಗೆ ಬರುವಾಗ ಅವಳು ಫೋನು ಕೆಳಗಿಟ್ಟಳು. “ಅಜ್ಜಿ, ಅತ್ತೆ ಇದನ್ನ ಓದ್ತಾರೆ,” ಅಂದಳು. ಓದಲಿ ಎಂದೇ ಬರೆಸುತ್ತಿರುವುದು, ನೀನು ಬರಿ, ಅಂದೆ.

ಚಿತ್ರದ ಕೆಳಗೆ ನೋಡಿದವರೂ ಬರೆಯಲು ಜಾಗವಿದೆ. 'ಅಮ್ಮಾ, ಅದನ್ನು ಕೊಡಬೇಡ' ಎಂದು ಒಂದು ಸಾಲೂ ನೀನು ಬರೆಯಲಿಲ್ಲ. ಕೊಡದೆ ಇರುತ್ತಿದ್ದೆನೋ ಇಲ್ಲವೋ, ಆ ಮಾತು ಬೇರೆ. ನೀನು ಕೇಳಬೇಕಿತ್ತು. ನಾನೇನೂ ಕಾಯುತ್ತಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಫೋನು ತೋರಿಸು ಎನ್ನುತ್ತಿದ್ದೆ, ಅಷ್ಟೇ.

ಕೊನೆಗೆ ಉಳಿದದ್ದು ನಿಮ್ಮಪ್ಪ ಮಾಡಿದ ಕುರ್ಚಿ. ಅದನ್ನು ಬೋರ್ಡಿಗೆ ಖಾಲಿ ಹಾಕಲಿಲ್ಲ. ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ನಾನೇ ಅದರಲ್ಲಿ ಕೂತೆ. ಬೇಕಾದರೆ ಇಬ್ಬರನ್ನೂ ಒಯ್ಯಲಿ ಎಂದು. ಸ್ವಲ್ಪ ನಗಿ ಅಜ್ಜಿ ಎಂದಳು ಹುಡುಗಿ. ನಕ್ಕೆ ಕೂಡ.

ಮರುದಿನ ಫೋನು ನೋಡಿದವಳೇ ಹುಡುಗಿ ಅದನ್ನು ಬೆನ್ನ ಹಿಂದೆ ಅಡಗಿಸಿದಳು. ಕಿತ್ತುಕೊಂಡು ನೋಡಿದೆ. ನಿನ್ನ ಬೋರ್ಡಿನಲ್ಲಿ ಕುರ್ಚಿ ಇತ್ತು, ನಾನಿರಲಿಲ್ಲ. ಫೋಟೋದಲ್ಲಿ ಬೇಡದ ಮನುಷ್ಯರನ್ನು ಬೆರಳಿನಿಂದ ಒರೆಸಿದರೆ ಹಿಂದಿನ ಜಾಗವನ್ನು ಯಂತ್ರವೇ ತುಂಬಿಕೊಡುತ್ತದಂತೆ. ಎಷ್ಟು ನೀಟಾಗಿ ಒರೆಸಿದ್ದೀಯ. ಕೈಹಿಡಿಯ ಮೇಲೆ ನನ್ನ ಒಂದು ಉಗುರೂ ಉಳಿದಿಲ್ಲ.

ಆದರೆ ಮಗಳೇ, ನಾನು ಹಾಕಿದ ಫೋಟೋದಲ್ಲಿ ಕುರ್ಚಿಯ ಬೆನ್ನಿನ ಪಟ್ಟಿಗಳು ನನ್ನ ಹಿಂದೆ ಮುಚ್ಚಿಹೋಗಿದ್ದವು. ಪಾಪ, ಯಂತ್ರಕ್ಕೇನು ಗೊತ್ತು, ಎಲ್ಲವನ್ನೂ ನೆಟ್ಟಗೆ ತುಂಬಿದೆ. ನಿಜದಲ್ಲಿ ನಡುವಿನ ಪಟ್ಟಿ ನೆಟ್ಟಗಿಲ್ಲ. ನೀನು ಹುಟ್ಟಿದ ಮೇಲೆ ನನ್ನ ಬೆನ್ನು ಬಾಗಿತಲ್ಲ, ಆಗ ನಿಮ್ಮಪ್ಪ ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಬೆನ್ನನ್ನು ಅಂಗೈಯಲ್ಲಿ ಸವರಿ ಅಳತೆ ನೋಡಿ, ಅದೇ ಸೊಟ್ಟಕ್ಕೆ ಆ ಪಟ್ಟಿ ಕೆತ್ತಿದರು. ಆವತ್ತೂ ಅವರನ್ನು ಬೈದೆ, ಸುಳ್ಳು ಹೇಳುವುದಿಲ್ಲ. ನಕ್ಕುಕೊಂಡೇ ಕೆತ್ತಿದರು.

ನಿನ್ನ ಬೋರ್ಡಿನಲ್ಲಿ ಈಗ ಇರುವುದು ಯಂತ್ರದ ಕೈ. ಅಪ್ಪನ ಕೈಯನ್ನು ನೀನೇ ಒರೆಸಿದ್ದೀಯ, ನನ್ನ ಜೊತೆಗೇ. ಜೋಪಾನವಾಗಿ ಇಟ್ಟುಕೋ.

ಇಂತಿ,
ನೀನು ಒರೆಸಿ ಹಾಕಿದವಳು

ತಾ.ಕ.: ನಿನ್ನಿಂದ ಒಂದು ಸಾಲು ಬಂದರೆ ಕುರ್ಚಿಯನ್ನು ನಿನಗೇ ಕಳಿಸು ಎಂದು ಹುಡುಗಿಗೆ ಹೇಳಿಟ್ಟಿದ್ದೆ. ಇನ್ನು ಹುಡುಕಬೇಡ, ನಿನ್ನೆ ಅದನ್ನು ಒಡೆಸಿ ನೀರೊಲೆಗೆ ಹಾಕಿಸಿದೆ. ಆ ಸೊಟ್ಟ ಪಟ್ಟಿಯೊಂದು ನನ್ನ ದಿಂಬಿನ ಕೆಳಗಿದೆ. ಅದರ ಫೋಟೋ ತೆಗೆಯಲು ಯಾರಿಗೂ ಬಿಟ್ಟಿಲ್ಲ. ಈ ಪತ್ರವನ್ನು ನೆಲದ ಮೇಲೆ ಕೂತು, ಗೋಡೆಗೆ ಒರಗಿ ಬರೆದೆ. ಬೆನ್ನು ತುಂಬಾ ನೋಯುತ್ತಿದೆ.